ಮಾತಿನ ಮಲ್ಲಿ ಜೋನ್ ಬ್ಲಾಂಡೆಲ್



ಈ ಸಲದ ನಮ್ಮ ಗೋಡೆ ಪತ್ರಿಕೆಯ ವಿಷಯ ನಗಿಸಿದವರು ಅಂತ ಮೇಷ್ಟ್ರು ಹೇಳಿದಾಗ ನಾವೆಲ್ಲ ಚಪ್ಪಾಳೆ ಹೊಡೆದೆವು. ಆಮೇಲೆ ಎಲ್ಲರ ಕೈಲೂ ಚೀಟಿ ಎತ್ತಿಸಿದರು. ನನ್ನ ಪಕ್ಕ ಕೂರುವವಳಿಗೆ ಚಾರ್ಲಿ ಚಾಪ್ಲಿನ್ ಬಂತು. ಹಿಂದಿನ ಬೆಂಚಿನವನಿಗೆ ನಮ್ಮ ನರಸಿಂಹರಾಜು ಬಂತು. ನನ್ನ ಚೀಟಿ ಬಿಚ್ಚಿ ನೋಡಿದರೆ ಜೋನ್ ಬ್ಲಾಂಡೆಲ್ ಅಂತ ಇತ್ತು. ನಾನು ಆ ಹೆಸರೇ ಕೇಳಿರಲಿಲ್ಲ. ಗಂಡಸೋ ಹೆಂಗಸೋ ಅದೂ ಗೊತ್ತಿರಲಿಲ್ಲ. ಬೇರೆ ಚೀಟಿ ಕೊಡಿ ಸಾರ್ ಅಂತ ಕೇಳಿದೆ. ಮೇಷ್ಟ್ರು ನಕ್ಕು, ನಿನಗೆ ಸರಿಯಾದವರೇ ಬಂದಿದ್ದಾರೆ ಅಂದರು. ಕ್ಲಾಸಿನಲ್ಲಿ ಎಲ್ಲರಿಗಿಂತ ಜಾಸ್ತಿ ಮಾತಾಡೋಳು ನಾನೇ ಅನ್ನೋದು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೇ ಹಾಗಂದರು ಅಂತ ಆಮೇಲೆ ತಿಳೀತು.

ಮೇಷ್ಟ್ರು ಹೇಳಿಕೊಟ್ಟಿದ್ದು, ಓದಿ ಕೊಟ್ಟಿದ್ದು, ಶಾಲೆಯಲ್ಲಿ ತೋರಿಸಿದ ಸಿನಿಮಾದ ತುಣುಕುಗಳು ಇಷ್ಟನ್ನೂ ಸೇರಿಸಿ ಬರೆದಿದ್ದೇನೆ. ಜೋನ್ ಚಿಕ್ಕವಳಾಗಿದ್ದ ಕಥೆ ಬರುವಲ್ಲಿ ಅವಳು ಅಂತ ಬರೆದಿದ್ದೇನೆ. ದೊಡ್ಡವರಾದ ಮೇಲೆ ಅವರು ಅಂತ ಬರೆದಿದ್ದೇನೆ. ಯಾರೂ ತಪ್ಪು ತಿಳಿಯಬಾರದು.

ಹುಟ್ಟು ಮತ್ತು ಬಾಲ್ಯ

ಜೋನ್ ಬ್ಲಾಂಡೆಲ್ ಹುಟ್ಟಿದ್ದು 1906ನೇ ಇಸವಿ ಆಗಸ್ಟ್ 30ರಂದು, ಅಮೇರಿಕಾ ದೇಶದ ನ್ಯೂಯಾರ್ಕ್ ನಗರದಲ್ಲಿ. ಪೂರ್ತಿ ಹೆಸರು ರೋಸ್ ಜೋನ್ ಬ್ಲಾಂಡೆಲ್. ತಂದೆಯ ಹೆಸರು ಎಡ್ ಬ್ಲಾಂಡೆಲ್, ತಾಯಿಯ ಹೆಸರು ಕ್ಯಾಥರಿನ್. ಒಬ್ಬ ತಮ್ಮ, ಒಬ್ಬಳು ತಂಗಿ. ತಂಗಿ ಗ್ಲೋರಿಯಾ ಕೂಡ ಮುಂದೆ ನಟಿಯಾದರು.

ತಂದೆ ಹಾಸ್ಯ ನಟರು. ಅವರು ಆಡುತ್ತಿದ್ದ ಆಟಕ್ಕೆ ವಾಡೆವಿಲ್ ಅಂತ ಹೆಸರು. ವಾಡೆವಿಲ್ ಅಂದರೆ ನಮ್ಮ ಕಡೆ ಜಾತ್ರೆಗೆ ಬರುವ ನಾಟಕದ ಹಾಗೆ ರಾತ್ರಿಯೆಲ್ಲ ನಡೆಯುವ ಒಂದೇ ಕಥೆ ಅಲ್ಲ. ಒಂದೇ ವೇದಿಕೆ ಮೇಲೆ ಒಬ್ಬರಾದ ಮೇಲೆ ಒಬ್ಬರು ಬರುತ್ತಿದ್ದರು. ಒಬ್ಬರು ಹಾಡುವುದು, ಒಬ್ಬರು ಕುಣಿಯುವುದು, ಒಬ್ಬರು ಜಾದೂ ಮಾಡುವುದು, ಒಬ್ಬರು ನಾಯಿಗಳಿಂದ ಆಟ ಆಡಿಸುವುದು, ಇನ್ನೊಬ್ಬರು ಬಂದು ನಗಿಸಿ ಹೋಗುವುದು. ಪ್ರತಿಯೊಬ್ಬರಿಗೂ ಸಿಗುತ್ತಿದ್ದುದು ಕೆಲವೇ ನಿಮಿಷ. ಅಷ್ಟರೊಳಗೆ ಜನ ನಗಬೇಕು. ನಗಲಿಲ್ಲ ಅಂದರೆ ಮುಂದಿನ ಊರಿನಲ್ಲಿ ಕೆಲಸ ಸಿಗುವುದು ಕಷ್ಟ. ಹಾಗಾಗಿ ಮಾತು ಚುರುಕಾಗಿರಬೇಕಿತ್ತು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಥಟ್ ಅಂತ ಹೇಳಬೇಕು ಅನ್ನುವುದು ಗೊತ್ತಿರಬೇಕಿತ್ತು.

ಈ ಕಂಪನಿಯವರಿಗೆ ಒಂದು ಊರು ಅಂತ ಇರಲಿಲ್ಲ. ಇವತ್ತು ಇಲ್ಲಿ, ನಾಳೆ ರೈಲು ಹತ್ತಿ ಇನ್ನೊಂದು ಕಡೆ. ಜೋನ್‌ಗೆ ತೊಟ್ಟಿಲು ಇರಲಿಲ್ಲ. ನಾಟಕದ ಸಾಮಾನು ತುಂಬುವ ದೊಡ್ಡ ಪೆಟ್ಟಿಗೆಯಲ್ಲೇ ಮಲಗಿಸುತ್ತಿದ್ದರಂತೆ. ನಾಲ್ಕು ತಿಂಗಳ ಕೂಸಾಗಿದ್ದಾಗಲೇ ಅವಳನ್ನು ಎತ್ತಿಕೊಂಡು ವೇದಿಕೆ ಮೇಲೆ ಹೋದರು. ನಾವೆಲ್ಲ ನಾಲ್ಕು ತಿಂಗಳಲ್ಲಿ ಕತ್ತು ನಿಲ್ಲಿಸೋದನ್ನ ಕಲಿಯುತ್ತಿದ್ದೆವು, ಅವಳು ಆಗಲೇ ಕೆಲಸಕ್ಕೆ ಸೇರಿದ್ದಳು!

ಸ್ವಲ್ಪ ದೊಡ್ಡವಳಾದ ಮೇಲೆ ಅಪ್ಪ ಅಮ್ಮನ ಜೊತೆ ತಾನೂ ಪಾತ್ರ ಮಾಡಲು ಶುರು ಮಾಡಿದಳು. ಸಮುದ್ರದ ಮಧ್ಯೆ ಇರುವ ಹವಾಯಿಯ ಹೊನೊಲುಲು ಊರಿನಲ್ಲಿ ಸುಮಾರು ಒಂದು ವರ್ಷ ಇದ್ದಳು. ಆಸ್ಟ್ರೇಲಿಯಾದಲ್ಲಿ ಕೆಲವು ವರ್ಷ ಇದ್ದಳು. ಕೇಳಲು ಚೆನ್ನಾಗಿದೆ. ನನಗೂ ಮೊದಲು ಹೊಟ್ಟೆಕಿಚ್ಚಾಯಿತು, ಯಾಕಂದರೆ ನಾನು ಜಿಲ್ಲೆ ದಾಟಿ ಹೋಗಿರುವುದೇ ಎರಡು ಸಲ. ಆದರೆ ಯೋಚನೆ ಮಾಡಿ ನೋಡಿ. ಒಂದೇ ಶಾಲೆಯಲ್ಲಿ ನೆಮ್ಮದಿಯಾಗಿ ಕೂತು ಓದುವ ಹಾಗಿಲ್ಲ. ಒಬ್ಬಳು ಗೆಳತಿ ಸಿಕ್ಕಳು ಅನ್ನುವಷ್ಟರಲ್ಲಿ ಗಂಟು ಕಟ್ಟಬೇಕು. ನಾವು ಒಂದನೇ ಕ್ಲಾಸಿನಿಂದ ಏಳನೇ ಕ್ಲಾಸಿನವರೆಗೆ ಒಂದೇ ಬೇವಿನ ಮರದ ಕೆಳಗೆ ಊಟ ಮಾಡಿದ್ದೇವೆ. ಆ ಭಾಗ್ಯ ಜೋನ್‌ಗೆ ಇರಲಿಲ್ಲ.

ಮೇಡಂ ಆಗಬಹುದಿತ್ತು

ಜೋನ್ ದೊಡ್ಡವಳಾಗುವ ಹೊತ್ತಿಗೆ ವಾಡೆವಿಲ್‌ಗೆ ಕೆಟ್ಟ ಕಾಲ ಬರತೊಡಗಿತ್ತು. ಊರೂರಿಗೂ ಸಿನಿಮಾ ಬಂತು, ಮನೆಮನೆಗೂ ರೇಡಿಯೋ ಬಂತು. ದುಡ್ಡು ಕೊಟ್ಟು ವಾಡೆವಿಲ್ ನೋಡಲು ಹೋಗುವವರು ಕಡಿಮೆಯಾದರು. ಬ್ಲಾಂಡೆಲ್ ಕುಟುಂಬ ಟೆಕ್ಸಾಸ್ ಪ್ರಾಂತ್ಯದ ಡಲ್ಲಾಸ್ ನಗರದಲ್ಲಿ ನೆಲೆ ನಿಂತಿತು.

1926ರಲ್ಲಿ ಜೋನ್ ರೋಸ್‌ಬಡ್ ಬ್ಲಾಂಡೆಲ್ ಅನ್ನುವ ಹೆಸರಿನಲ್ಲಿ ಮಿಸ್ ಡಲ್ಲಾಸ್ ಸ್ಪರ್ಧೆ ಗೆದ್ದರು. ರೋಸ್‌ಬಡ್ ಅಂದರೆ ಗುಲಾಬಿ ಮೊಗ್ಗು. ಅದೇ ವರ್ಷ ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ಮಿಸ್ ಅಮೇರಿಕಾ ಸ್ಪರ್ಧೆಯಲ್ಲಿ ನಾಲ್ಕನೇ ಸ್ಥಾನ ಬಂತು. ಆಮೇಲೆ ಟೆಕ್ಸಾಸಿನ ಡೆಂಟನ್ ಊರಿನಲ್ಲಿ ಶಿಕ್ಷಕರ ಕಾಲೇಜಿಗೆ ಸೇರಿದರು. ಅಲ್ಲೇ ಮುಂದುವರಿದಿದ್ದರೆ ನಮ್ಮ ಮೇಡಂ ಹಾಗೆ ಜೋನ್ ಕೂಡ ಸೀಮೆಸುಣ್ಣ ಹಿಡಿದು ಪಾಠ ಹೇಳುತ್ತಿದ್ದರೋ ಏನೋ. ಆದರೆ 1927ರ ಸುಮಾರಿಗೆ ನ್ಯೂಯಾರ್ಕಿಗೆ ವಾಪಸ್ ಹೋದರು. ಅಲ್ಲಿ ಅಂಗಡಿಯಲ್ಲಿ ಕೆಲಸ ಮಾಡಿದರು, ಬಟ್ಟೆ ತೊಟ್ಟು ತೋರಿಸುವ ಮಾಡೆಲ್ ಕೆಲಸ ಮಾಡಿದರು, ಸರ್ಕಸ್ಸಿನಲ್ಲೂ ಕೆಲಸ ಮಾಡಿದರು. ಅದರ ಜೊತೆಗೇ ನಾಟಕದಲ್ಲಿ ಪಾತ್ರ ಹುಡುಕುತ್ತಿದ್ದರು.

1929ರ ಅಕ್ಟೋಬರ್‌ನಲ್ಲಿ ಒಂದು ನಾಟಕ ಸಿಕ್ಕಿತು. ಅದರಲ್ಲಿ ಅವರ ಜೊತೆ ಇದ್ದವರು ಜೇಮ್ಸ್ ಕ್ಯಾಗ್ನಿ ಎಂಬ ಕೆಂಪು ಕೂದಲಿನ ಹುಡುಗ. ಅವರೂ ವಾಡೆವಿಲ್‌ನಿಂದ ಬಂದವರೇ. ಆದರೆ ಅದೇ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಷೇರು ಪೇಟೆ ಕುಸಿದು ಬಿತ್ತು. ಮುಂದೆ ಬ್ಯಾಂಕುಗಳು ಮುಳುಗಿದವು, ಕಾರ್ಖಾನೆಗಳು ಬಾಗಿಲು ಹಾಕಿದವು. ಅಮೇರಿಕಾದಲ್ಲಿ 1933ರ ಹೊತ್ತಿಗೆ ದುಡಿಯುವ ನಾಲ್ಕು ಜನರಲ್ಲಿ ಸುಮಾರು ಒಬ್ಬರಿಗೆ ಕೆಲಸ ಇರಲಿಲ್ಲ. ಗಂಜಿ ಕೇಂದ್ರದ ಮುಂದೆ ಉದ್ದುದ್ದ ಸಾಲು ನಿಲ್ಲುತ್ತಿತ್ತು. ಅಮೇರಿಕಾ ಅಂದರೆ ಯಾವಾಗಲೂ ಶ್ರೀಮಂತರ ದೇಶ ಅಂದುಕೊಂಡಿದ್ದ ನನಗೆ ಇದು ಆಶ್ಚರ್ಯ.

ಮೂರು ವಾರದ ನಾಟಕ

1930ರಲ್ಲಿ ಜೋನ್ ಮತ್ತು ಕ್ಯಾಗ್ನಿ ಪೆನ್ನಿ ಆರ್ಕೇಡ್ ಎಂಬ ಇನ್ನೊಂದು ನಾಟಕ ಮಾಡಿದರು. ಅದು ಓಡಿದ್ದು ಬರೀ ಮೂರು ವಾರ. ಸೋತ ನಾಟಕ ಅಂತಲೇ ಹೇಳಬೇಕು. ಆದರೆ ಆ ಮೂರು ವಾರದಲ್ಲಿ ನೋಡಬೇಕಾದವರು ನೋಡಿದರು. ಅವರೇ ಅಲ್ ಜೋಲ್ಸನ್. ಇವರು ದೊಡ್ಡ ಹಾಡುಗಾರರು. 1927ರಲ್ಲಿ ಬಂದ ದಿ ಜಾಝ್ ಸಿಂಗರ್ ಸಿನಿಮಾದಲ್ಲಿ ಹಾಡಿ ಮಾತಾಡಿ, ಮೂಕಿ ಚಿತ್ರಗಳ ಕಾಲ ಮುಗಿಯುವಂತೆ ಮಾಡಿದವರು. ಜೋಲ್ಸನ್ 20,000 ಡಾಲರ್ ಕೊಟ್ಟು ಪೆನ್ನಿ ಆರ್ಕೇಡ್ ನಾಟಕದ ಹಕ್ಕು ಕೊಂಡರು. ಅದನ್ನು ವಾರ್ನರ್ ಬ್ರದರ್ಸ್ ಕಂಪನಿಗೆ ಮಾರುವಾಗ, ಈ ಹುಡುಗ ಮತ್ತು ಈ ಹುಡುಗಿ ಇಬ್ಬರೂ ಸಿನಿಮಾದಲ್ಲಿ ಇರಲೇಬೇಕು ಅಂತ ಪಟ್ಟು ಹಿಡಿದರು. ಆ ಸಿನಿಮಾ ಸಿನ್ನರ್ಸ್ ಹಾಲಿಡೇ ಅಂತ ಅದೇ 1930ರಲ್ಲಿ ಬಂತು. ಹೀಗೆ ಇಬ್ಬರೂ ಹಾಲಿವುಡ್ ಸೇರಿದರು. ಮುಂದೆ ಈ ಜೋಡಿ ಒಟ್ಟು 7 ಸಿನಿಮಾಗಳಲ್ಲಿ ಜೊತೆಯಾಗಿ ಕಾಣಿಸಿಕೊಂಡಿತು.

ಆಗ ಹಾಲಿವುಡ್‌ನಲ್ಲಿ ಮಾತು ಬರುವವರಿಗೆ ಬೇಡಿಕೆ ಇತ್ತು. ಮೂಕಿ ಸಿನಿಮಾದಲ್ಲಿ ಮುಖ ಚೆನ್ನಾಗಿದ್ದರೆ, ಕಣ್ಣು ಮಾತಾಡಿದರೆ ಸಾಕಾಗಿತ್ತು. ಟಾಕಿ ಬಂದ ಮೇಲೆ ಬಾಯಿ ಮಾತಾಡಬೇಕಾಯಿತು. ಅದಕ್ಕೆ ನಾಟಕದವರನ್ನು ಹುಡುಕಿ ಹುಡುಕಿ ಕರೆದುಕೊಂಡು ಬಂದರು. ನಾಲ್ಕು ತಿಂಗಳಿಗೇ ವೇದಿಕೆ ಹತ್ತಿದ್ದ ಜೋನ್‌ಗೆ ಇದು ನೀರು ಕುಡಿದಷ್ಟು ಸುಲಭ.

ಕಂಪನಿಯ ಯಜಮಾನರಾದ ಜ್ಯಾಕ್ ವಾರ್ನರ್ ಅವರಿಗೆ ಜೋನ್ ಬ್ಲಾಂಡೆಲ್ ಎಂಬ ಹೆಸರು ಹಿಡಿಸಲಿಲ್ಲ. ಇನೆಝ್ ಹೋಮ್ಸ್ ಅಂತ ಬದಲಾಯಿಸಿಕೋ ಅಂದರು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿ, ಎದುರಿಗೆ ಅಷ್ಟು ದೊಡ್ಡ ಯಜಮಾನ. ಆದರೂ ಜೋನ್ ಒಪ್ಪಲಿಲ್ಲ. ಅದು ಅವರ ಅಪ್ಪನ ಹೆಸರು, ಪೆಟ್ಟಿಗೆ ಹೊತ್ತು ಊರೂರು ತಿರುಗಿ ನಗಿಸಿದ ಹೆಸರು. ಈ ಭಾಗ ಓದುವಾಗ ನಾನು ಎದ್ದು ನಿಂತುಬಿಟ್ಟೆ. ಬೇರೆ ನಟ ನಟಿಯರು ಎಷ್ಟೋ ಜನ ಹೆಸರು ಬದಲಾಯಿಸಿಕೊಂಡರು. ಇವರು ಕೊನೆಯವರೆಗೂ ಬ್ಲಾಂಡೆಲ್ ಆಗಿಯೇ ಉಳಿದರು.

ಬಾಯಿಗೆ ಬೀಗ ಇಲ್ಲದ ಹುಡುಗಿ

ಜೋನ್ ಯಾವ ಪಾತ್ರ ಮಾಡುತ್ತಿದ್ದರು ಗೊತ್ತಾ? ರಾಣಿ, ರಾಜಕುಮಾರಿ ಅಲ್ಲ. ದುಡಿಯುವ ಹೆಂಗಸಿನ ಪಾತ್ರ. ಒಂದು ಸಿನಿಮಾದಲ್ಲಿ ನರ್ಸ್, ಒಂದರಲ್ಲಿ ಆಫೀಸಿನ ಸೆಕ್ರೆಟರಿ, ಇನ್ನೊಂದರಲ್ಲಿ ಗುಂಪಿನಲ್ಲಿ ಕುಣಿಯುವ ಹುಡುಗಿ. ಕೈಯಲ್ಲಿ ಕಾಸಿಲ್ಲ, ಬಾಡಿಗೆ ಕಟ್ಟಿಲ್ಲ, ಆದರೆ ಬಾಯಿ ಮಾತ್ರ ಸೋಲುವುದಿಲ್ಲ. ಯಾರಾದರೂ ಒಂದು ಮಾತು ಅಂದರೆ ಅವರು ಉಸಿರು ಎಳೆದುಕೊಳ್ಳುವಷ್ಟರಲ್ಲಿ ಇವರ ಉತ್ತರ ಹೋಗಿರುತ್ತದೆ. ಅದೂ ಸಿಟ್ಟಿನಿಂದಲ್ಲ. ದೊಡ್ಡ ಕಣ್ಣು ಅರಳಿಸಿ, ತುಟಿ ಅಂಚಿನಲ್ಲಿ ನಕ್ಕು ಚಟಾಕಿ ಹಾರಿಸುವುದು. ಆ ಕಾಲದ ವಾರ್ನರ್ ಸಿನಿಮಾಗಳು ತುಂಬಾ ಚಿಕ್ಕವು. ಸಿನ್ನರ್ಸ್ ಹಾಲಿಡೇ ಸುಮಾರು ಒಂದೇ ಗಂಟೆ. ಅದಕ್ಕೇ ಎಲ್ಲರೂ ರೈಲಿನ ಹಾಗೆ ವೇಗವಾಗಿ ಮಾತಾಡುತ್ತಾರೆ.

1931 ಮತ್ತು 1932 ಎರಡೇ ವರ್ಷದಲ್ಲಿ ಜೋನ್ ಸುಮಾರು 20 ಸಿನಿಮಾಗಳಲ್ಲಿ ನಟಿಸಿದರು. ಲೆಕ್ಕ ಹಾಕಿದರೆ ಐದು ವಾರಕ್ಕೆ ಒಂದು ಆಯಿತು! ಗ್ಲೆಂಡಾ ಫ್ಯಾರೆಲ್ ಎಂಬ ಇನ್ನೊಬ್ಬ ಮಾತಿನ ಮಲ್ಲಿಯ ಜೊತೆ 9 ಸಿನಿಮಾ ಮಾಡಿದರು. ಹವಾನಾ ವಿಡೋಸ್, ಕ್ಯಾನ್ಸಸ್ ಸಿಟಿ ಪ್ರಿನ್ಸೆಸ್ ಇವೆಲ್ಲ ಈ ಜೋಡಿಯವು. ಗಂಡಸರ ಹಾಸ್ಯ ಜೋಡಿಗಳು ಎಲ್ಲಾ ಕಡೆ ಇದ್ದವು. ಇಬ್ಬರು ಹೆಂಗಸರು ಸೇರಿ ಮಾತಿಗೆ ಮಾತು ಕೊಟ್ಟು ನಗಿಸುವುದು ಅಪರೂಪ ಅಂತ ಮೇಷ್ಟ್ರು ಹೇಳಿದರು.

1933ರಲ್ಲಿ ಬಂದ ಗೋಲ್ಡ್ ಡಿಗ್ಗರ್ಸ್ ಆಫ್ 1933 ಎಂಬ ಸಿನಿಮಾ ತುಂಬಾ ಹೆಸರುವಾಸಿ. ಗೋಲ್ಡ್ ಡಿಗ್ಗರ್ ಅಂದರೆ ಚಿನ್ನ ಅಗೆಯುವವರು ಅಂತ ಅರ್ಥ. ದುಡ್ಡಿರುವ ಗಂಡಸರನ್ನು ಬುಟ್ಟಿಗೆ ಹಾಕಿಕೊಳ್ಳುವ ಹೆಂಗಸರು ಅಂತ ಹಂಗಿಸಲು ಆ ಮಾತು ಹೇಳುತ್ತಿದ್ದರು. ಸಿನಿಮಾ ಶುರುವಾದಾಗ ಹುಡುಗಿಯರು ದುಡ್ಡಿನ ಬಗ್ಗೆಯೇ ಹಾಡುತ್ತಾ ಕುಣಿಯುತ್ತಿರುತ್ತಾರೆ. ಅಷ್ಟರಲ್ಲಿ ಜಪ್ತಿಯವರು ಬಂದು, ಸಾಲ ತೀರಿಸಿಲ್ಲ ಅಂತ ಅವರ ಬಟ್ಟೆಬರೆ, ಸಾಮಾನು ಎಲ್ಲಾ ಎಳೆದುಕೊಂಡು ಹೋಗುತ್ತಾರೆ. ಮೂವರು ಹುಡುಗಿಯರು ಒಂದೇ ಮನೆಯಲ್ಲಿ ಇರುತ್ತಾರೆ. ತಿನ್ನಲು ಇಲ್ಲದೆ ಪಕ್ಕದ ಮನೆಯವರ ಕಿಟಕಿಯಿಂದ ಹಾಲಿನ ಬಾಟಲಿ ಕದಿಯುತ್ತಾರೆ. ಜನ ನಗುತ್ತಾರೆ. ಆದರೆ ನೋಡುತ್ತಿದ್ದವರಲ್ಲಿ ಎಷ್ಟೋ ಜನರ ಮನೆಯಲ್ಲಿ ಅವತ್ತು ಹಾಲು ಇರಲಿಲ್ಲ. ತಮ್ಮ ಕಷ್ಟಕ್ಕೆ ತಾವೇ ನಕ್ಕರು ಅಂತ ನನಗೆ ಅನ್ನಿಸುತ್ತದೆ.

ಅದರಲ್ಲಿ ಜೋನ್ ಪಾತ್ರದ ಹೆಸರು ಕ್ಯಾರಲ್. ಒಬ್ಬ ಶ್ರೀಮಂತ, ಕುಣಿಯುವ ಹುಡುಗಿಯರೆಲ್ಲ ಕೆಟ್ಟವರು, ದುಡ್ಡಿಗಾಗಿ ಬಾಯಿ ಬಿಡುವವರು ಅಂತ ತಿಳಿದುಕೊಂಡು ಮನೆಗೆ ಬರುತ್ತಾನೆ. ನೀನು ಅಂದುಕೊಂಡ ಹಾಗೇ ಇರಲಿ ಬಾ ಅಂತ ಇವರು ಅವನ ಕೈಲಿ ಬೆಲೆಬಾಳುವ ಟೋಪಿಗಳನ್ನು ಕೊಡಿಸಿಕೊಂಡು ಚೆನ್ನಾಗಿ ಆಟ ಆಡಿಸುತ್ತಾರೆ. ಕೊನೆಗೆ ಅವನಿಗೇ ತನ್ನ ತಪ್ಪು ಗೊತ್ತಾಗುತ್ತದೆ.

ಸಿನಿಮಾದ ಕೊನೆಯ ಹಾಡು ಮಾತ್ರ ನಗಿಸುವುದಿಲ್ಲ. ಮೊದಲನೇ ಮಹಾಯುದ್ಧದಲ್ಲಿ ಹೋರಾಡಿ ಬಂದ ಸೈನಿಕರು ಕೆಲಸವಿಲ್ಲದೆ ಬೀದಿಗೆ ಬಿದ್ದಿದ್ದರು. 1932ರಲ್ಲಿ ಸಾವಿರಾರು ಮಾಜಿ ಸೈನಿಕರು ತಮಗೆ ಬರಬೇಕಾದ ದುಡ್ಡು ಕೇಳಲು ವಾಷಿಂಗ್ಟನ್‌ಗೆ ಹೋದಾಗ ಸೈನ್ಯವನ್ನೇ ಕಳಿಸಿ ಓಡಿಸಿದ್ದರು. ಹಾಡು ಅವರ ಬಗ್ಗೆ. ಬೀದಿ ದೀಪದ ಹತ್ತಿರ ನಿಂತು ಜೋನ್ ಅದನ್ನು ಹಾಡಿನ ಹಾಗಲ್ಲ, ಹೆಚ್ಚಾಗಿ ಮಾತಿನ ಹಾಗೆ ಹೇಳುತ್ತಾರೆ. ಆಮೇಲೆ ಕಿಟಕಿಯಲ್ಲಿ ಕೂತ ಎಟ್ಟಾ ಮೋಟನ್ ಎಂಬ ಗಾಯಕಿ ದನಿ ಎತ್ತಿ ಹಾಡುತ್ತಾರೆ. ಬಾಗಿಲ ಹತ್ತಿರ ಮಲಗಿದ್ದ ಒಬ್ಬ ಬಡವನನ್ನು ಪೋಲೀಸಿನವನು ಎಳೆದುಕೊಂಡು ಹೋಗಲು ಬರುತ್ತಾನೆ. ಜೋನ್ ಅಡ್ಡ ಹೋಗಿ ಅವನ ಕೋಟಿನ ಅಂಚು ತಿರುಗಿಸಿ ತೋರಿಸುತ್ತಾರೆ. ಒಳಗೆ ಯುದ್ಧದ ಪದಕ ಇರುತ್ತದೆ! ಪೋಲೀಸಿನವನು ಸುಮ್ಮನಾಗುತ್ತಾನೆ. ಅಲ್ಲಿಯವರೆಗೆ ಪಟಪಟ ಮಾತಾಡಿದ್ದ ಜೋನ್ ಅಲ್ಲಿ ಒಂದು ಮಾತೂ ಆಡುವುದಿಲ್ಲ. ನಮ್ಮ ಕ್ಲಾಸು ಕೂಡ ಆಗ ಗಪ್‌ಚಿಪ್ ಆಗಿತ್ತು.

ಅದೇ ವರ್ಷದ ಫುಟ್‌ಲೈಟ್ ಪರೇಡ್‌ನಲ್ಲಿ ಜೋನ್ ಸೆಕ್ರೆಟರಿ. ಕ್ಯಾಗ್ನಿ ಯಜಮಾನ. ಹೊಸ ಹೊಸ ನೃತ್ಯ ಕಟ್ಟುವ ಯಜಮಾನನಿಗೆ ತನ್ನ ಸುತ್ತ ಇರುವ ಮೋಸಗಾರರು ಕಾಣುವುದಿಲ್ಲ, ಇವರಿಗೆ ಕಾಣುತ್ತದೆ. ಇಡೀ ಆಫೀಸು ನಡೆಸುವವರು ಇವರೇ.

ಇಸ್ತ್ರಿ ಮಾಡುವ ಹುಡುಗಿ

ಈಗ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ಬರೆಯಲೋ ಬೇಡವೋ ಅಂತ ಎರಡು ದಿನ ಯೋಚನೆ ಮಾಡಿದೆ.

1934ರಲ್ಲಿ ಬಂದ ಡೇಮ್ಸ್ ಎಂಬ ಸಿನಿಮಾದ ಒಂದು ಹಾಡನ್ನು ಮೇಷ್ಟ್ರು ತೋರಿಸಿದರು. ಅದರಲ್ಲಿ ಜೋನ್ ಬಟ್ಟೆ ಒಗೆದು ಇಸ್ತ್ರಿ ಮಾಡುವ ಕಡೆ ಕೆಲಸ ಮಾಡುವ ಹುಡುಗಿ. ಒಣಗಲು ಹಾಕಿದ ಗಂಡಸರ ಶರ್ಟುಗಳನ್ನು ನೋಡಿ ಹಾಡುತ್ತಾರೆ. ಆ ಶರ್ಟುಗಳೇ ಕೈ ಆಡಿಸುತ್ತವೆ, ಅವರ ಜೊತೆ ಕುಣಿಯುತ್ತವೆ. ದಾರ ಕಟ್ಟಿ ಎಳೆದಿದ್ದಾರೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ನಗಲಿಲ್ಲ. ಯಾಕಂದರೆ ನಮ್ಮಮ್ಮ ಗಾರ್ಮೆಂಟ್ಸ್‌ನಲ್ಲಿ ಇಸ್ತ್ರಿ ಕೆಲಸ ಮಾಡುತ್ತಾರೆ. ಬೆಳಿಗ್ಗೆ ಏಳಕ್ಕೆ ವ್ಯಾನ್ ಹತ್ತಿದರೆ ಕತ್ತಲಾದ ಮೇಲೆ ಬರುತ್ತಾರೆ. ದಿನವೆಲ್ಲ ನಿಂತು ನಿಂತು ಕಾಲು ಊದಿರುತ್ತದೆ. ಹಬೆ ತಾಗಿ ಕೈ ಮೇಲೆ ಕಲೆ ಇದೆ.

ಅಮ್ಮ ವ್ಯಾನಿನಲ್ಲಿ ಎಲ್ಲರನ್ನೂ ನಗಿಸುತ್ತಾರೆ. ವ್ಯಾನು ನಮ್ಮೂರ ಅರಳಿಕಟ್ಟೆ ಹತ್ತಿರ ಬರುವಾಗಲೇ ನಗು ಕೇಳಿಸುತ್ತದೆ. ಕಟ್ಟೆ ಮೇಲೆ ಕೂತವರು ಗಾರ್ಮೆಂಟ್ಸ್ ಹೆಂಗಸರಿಗೆ ಬಾಯಿ ಜೋರು, ನಾಚಿಕೆ ಇಲ್ಲ ಅಂತ ಮಾತಾಡುವುದನ್ನು ನಾನು ಕೇಳಿದ್ದೆ. ಹೋದ ವರ್ಷ ಒಂದು ಸಂಜೆ ಅಮ್ಮ ವ್ಯಾನಿನಿಂದ ಇಳಿದು ಏನೋ ಚಟಾಕಿ ಹಾರಿಸಿ ಜೋರಾಗಿ ನಕ್ಕರು. ನಾನು ಅಂಗಡಿಗೆ ಹೋಗಿದ್ದವಳು ಅವರನ್ನು ನೋಡಿಯೂ ನೋಡದ ಹಾಗೆ ಬೇಗ ಬೇಗ ಮನೆ ಕಡೆ ನಡೆದುಬಿಟ್ಟೆ. ಅಮ್ಮ ಹಿಂದಿನಿಂದ ಕೂಗಿದರು. ನಾನು ತಿರುಗಲಿಲ್ಲ. ಮನೆಗೆ ಬಂದ ಮೇಲೆ ಅಮ್ಮ ಏನೂ ಕೇಳಲಿಲ್ಲ. ಬ್ಯಾಗಿನಿಂದ ನನಗೆ ತಂದಿದ್ದ ಬನ್ನು ತೆಗೆದು ಕೊಟ್ಟರು ಅಷ್ಟೆ.

ಡೇಮ್ಸ್ ಸಿನಿಮಾ ಆಗಸ್ಟ್‌ನಲ್ಲಿ ಬಂತು. ನವೆಂಬರ್‌ನಲ್ಲಿ ಜೋನ್‌ಗೆ ಮಗ ಹುಟ್ಟಿದ. ಅಂದರೆ ಹೊಟ್ಟೆಯಲ್ಲಿ ಕೂಸು ಇಟ್ಟುಕೊಂಡೇ ಆ ಹಾಡಿಗೆ ಕೆಲಸ ಮಾಡಿದ್ದರು. ನೋಡುವವರಿಗೆ ಅದು ಗೊತ್ತಾಗುವುದಿಲ್ಲ. ನಗುವವರನ್ನು ನೋಡಿದಾಗ ಅವರಿಗೆ ಏನೂ ಕಷ್ಟ ಇಲ್ಲ ಅಂತ ನಾನು ಅಂದುಕೊಳ್ಳುತ್ತಿದ್ದೆ. ಅದು ತಪ್ಪು.

ಕಟ್ಟುಪಾಡು ಮತ್ತು ಕಷ್ಟದ ದಿನ

1934ರ ಮಧ್ಯದಿಂದ ಅಮೇರಿಕಾದ ಸಿನಿಮಾಗಳಿಗೆ ಕಟ್ಟುನಿಟ್ಟಾದ ನಿಯಮ ಬಂತು. ಚಿತ್ರ ಹೊರಗೆ ಬರುವ ಮುಂಚೆ ಒಪ್ಪಿಗೆ ಪತ್ರ ಪಡೆಯಬೇಕಾಯಿತು. ಹೆಂಗಸರ ತುಂಟ ಮಾತು, ಎದುರುತ್ತರ ಎಲ್ಲದಕ್ಕೂ ಕತ್ತರಿ ಬಿತ್ತು. ಜೋನ್ ಅವರ ಪಾತ್ರಗಳು ಮೊದಲಿನಷ್ಟು ಖಾರವಾಗಿ ಉಳಿಯಲಿಲ್ಲ. ಆದರೂ ಕೆಲಸ ನಿಲ್ಲಲಿಲ್ಲ. ಕ್ಯಾಗ್ನಿ ಸಂಬಳ ಸಾಲದು ಅಂತ ಕಂಪನಿ ಜೊತೆ ಜಗಳ ಮಾಡಿ ಕೆಲಸ ಬಿಟ್ಟು ಹೊರಟು, ಜಾಸ್ತಿ ಮಾಡಿಸಿಕೊಂಡು ವಾಪಸ್ ಬಂದರು. ಜೋನ್ ಮಾತ್ರ ಕೊಟ್ಟ ಪಾತ್ರ ಮಾಡುತ್ತಲೇ ಹೋದರು. ಸಿನಿಮಾದಲ್ಲಿ ಎಲ್ಲರಿಗೂ ಎದುರು ಮಾತಾಡುವವರು, ಕಂಪನಿಯ ಹತ್ತಿರ ಅಷ್ಟಾಗಿ ಮಾತಾಡಲಿಲ್ಲ ಅನ್ನುವುದು ನನಗೆ ಬೇಸರ ತಂದ ವಿಷಯ. 1930ರಿಂದ ಲೆಕ್ಕ ಹಾಕಿದರೆ ಹತ್ತು ವರ್ಷದಲ್ಲಿ ಹತ್ತಿರ ಹತ್ತಿರ 50 ಸಿನಿಮಾ ಆಗಿತ್ತು. ಆ ಹತ್ತು ವರ್ಷ ಮುಗಿಯುವ ಹೊತ್ತಿಗೆ ವಾರ್ನರ್ ಕಂಪನಿ ಬಿಟ್ಟರು.

ಜೋನ್ ಅವರಿಗೆ ಮೂರು ಸಲ ಮದುವೆಯಾಯಿತು. ಇದನ್ನು ಗೋಡೆ ಪತ್ರಿಕೆಯಲ್ಲಿ ಬರೆಯಬಹುದಾ ಅಂತ ಮೇಡಂ ಅವರನ್ನು ಕೇಳಿದೆ. ನಡೆದದ್ದನ್ನು ಬರೆಯಲು ಹೆದರಬೇಡ ಅಂದರು. ಮೊದಲನೆಯವರು ಜಾರ್ಜ್ ಬಾರ್ನ್ಸ್, ಛಾಯಾಗ್ರಾಹಕರು. ಎರಡನೆಯವರು ಹಾಡುವ ನಟ ಡಿಕ್ ಪೊವೆಲ್. ಅವರ ಜೊತೆ ಒಬ್ಬಳು ಮಗಳು ಹುಟ್ಟಿದಳು. ಮೂರನೆಯವರು ಮೈಕ್ ಟಾಡ್, ದೊಡ್ಡ ದೊಡ್ಡ ಪ್ರದರ್ಶನ ಮಾಡುವವರು. ಅವರಿಗೆ ಜೂಜಿನ ಚಟ ಇತ್ತು. ಸಾಲ ಏರಿ ದಿವಾಳಿಯಾದರು. ಜೋನ್ ಇಪ್ಪತ್ತು ವರ್ಷ ದುಡಿದು ಕೂಡಿಟ್ಟ ದುಡ್ಡು ಆ ಸಂಸಾರದಲ್ಲಿ ಕರಗಿ ಹೋಯಿತು. 1950ರಲ್ಲಿ ಬೇರೆಯಾದರು. ಆಗ ಅವರಿಗೆ 43 ವರ್ಷ. ಇಬ್ಬರು ಮಕ್ಕಳು. ಮತ್ತೆ ಮೊದಲಿನಿಂದ ದುಡಿಯಬೇಕಾಯಿತು.

ಎರಡನೇ ಸಲ ಏಳುವುದು

ಅಷ್ಟರಲ್ಲಿ ಅವರು ಚಿಕ್ಕ ಹುಡುಗಿಯ ಪಾತ್ರ ಮಾಡುವ ಹಾಗಿರಲಿಲ್ಲ. ಆದರೆ ನಟನೆ ಇನ್ನೂ ಚೆನ್ನಾಗಿ ಮಾಗಿತ್ತು. 1945ರ ಎ ಟ್ರೀ ಗ್ರೋಸ್ ಇನ್ ಬ್ರೂಕ್ಲಿನ್ ಸಿನಿಮಾದಲ್ಲಿ ಬಡ ಮನೆಯ ಮಕ್ಕಳ ಪ್ರೀತಿಯ ದೊಡ್ಡಮ್ಮ ಸಿಸ್ಸಿ ಆಗಿದ್ದರು. ಜನ ಆಡಿಕೊಳ್ಳುವ, ಆದರೆ ಮಕ್ಕಳಿಗೆ ಯಾರಿಗಿಂತಲೂ ಇಷ್ಟವಾದ ದೊಡ್ಡಮ್ಮ. ಅವರ ತುಂಬಾ ಒಳ್ಳೆಯ ಪಾತ್ರಗಳಲ್ಲಿ ಅದೂ ಒಂದು. 1951ರಲ್ಲಿ ದಿ ಬ್ಲೂ ವೇಲ್ ಚಿತ್ರಕ್ಕೆ ಪೋಷಕ ನಟಿಯಾಗಿ ಆಸ್ಕರ್ ಪ್ರಶಸ್ತಿಗೆ ಹೆಸರು ಬಂತು. ಪ್ರಶಸ್ತಿ ಬೇರೆಯವರಿಗೆ ಹೋಯಿತು. ಅವರ ಜೀವನದಲ್ಲಿ ಆಸ್ಕರ್‌ಗೆ ಹೆಸರು ಬಂದದ್ದು ಅದೊಂದೇ ಸಲ.

1957ರಲ್ಲಿ ಡೆಸ್ಕ್ ಸೆಟ್ ಚಿತ್ರದಲ್ಲಿ ಮತ್ತೆ ಆಫೀಸಿನ ಹೆಂಗಸು. ಕಂಪ್ಯೂಟರ್ ಬಂದು ತಮ್ಮ ಕೆಲಸ ಹೋಗುತ್ತದೆ ಅಂತ ಹೆದರುವ ಹೆಂಗಸರ ಕಥೆ ಅದು. 1965ರಲ್ಲಿ ದಿ ಸಿನ್ಸಿನಾಟಿ ಕಿಡ್ ಚಿತ್ರದಲ್ಲಿ ಇಸ್ಪೀಟು ಹಂಚುವ ಮುದುಕಿಯ ಪಾತ್ರಕ್ಕೆ ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಪ್ರಶಸ್ತಿ ಬಂತು. 1968ರಿಂದ 1970ರವರೆಗೆ ಹಿಯರ್ ಕಮ್ ದಿ ಬ್ರೈಡ್ಸ್ ಎಂಬ ಟೀವಿ ಧಾರಾವಾಹಿಯಲ್ಲಿ ನಟಿಸಿದರು. 1972ರಲ್ಲಿ ಸೆಂಟರ್ ಡೋರ್ ಫ್ಯಾನ್ಸಿ ಎಂಬ ಕಾದಂಬರಿ ಬರೆದರು. ವಾಡೆವಿಲ್ ಮನೆಯ ಹುಡುಗಿಯೊಬ್ಬಳ ಕಥೆ. ಹೆಸರುಗಳು ಬೇರೆ ಆದರೂ ಅದು ಅವರದ್ದೇ ಬದುಕು ಅಂತ ಓದಿದವರಿಗೆ ಗೊತ್ತಾಯಿತು. ಸರಿಯಾಗಿ ಶಾಲೆಗೆ ಹೋಗಲು ಆಗದವರು ಕಾದಂಬರಿ ಬರೆದರು ನೋಡಿ!

1978ರಲ್ಲಿ ಗ್ರೀಸ್ ಎಂಬ ಚಿತ್ರ ಪ್ರಪಂಚದ ತುಂಬಾ ಓಡಿತು. ಹುಡುಗ ಹುಡುಗಿಯರು ಕೂತು ತಿನ್ನುವ ಹೋಟೆಲಿನಲ್ಲಿ ಬಡಿಸುವ ವೈ ಎಂಬ ಹೆಂಗಸು ಬರುತ್ತಾಳೆ. ಅವರೇ ಜೋನ್. ಕಷ್ಟದಲ್ಲಿರುವ ಹುಡುಗಿಗೆ ಒಳ್ಳೆಯ ಮಾತು ಹೇಳಿ ಹೋಗುತ್ತಾರೆ. ಆಗ ಅವರಿಗೆ 70 ದಾಟಿತ್ತು. ಆವಾಗಲೂ ದುಡಿಯುವ ಹೆಂಗಸಿನ ಪಾತ್ರವೇ!

ಕೊನೆಯ ದಿನ

ಜೋನ್ ಬ್ಲಾಂಡೆಲ್ ಅವರಿಗೆ ರಕ್ತದ ಕ್ಯಾನ್ಸರ್ ಬಂತು. 1979ರ ಡಿಸೆಂಬರ್ 25ರಂದು, ಕ್ರಿಸ್‌ಮಸ್ ಹಬ್ಬದ ದಿನ, ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾದಲ್ಲಿ ತೀರಿಕೊಂಡರು. ಮಕ್ಕಳು ಮತ್ತು ತಂಗಿ ಹತ್ತಿರ ಇದ್ದರು. ಅವರಿಗೆ 73 ವರ್ಷ. ನಾಲ್ಕು ತಿಂಗಳ ಕೂಸಾಗಿದ್ದಾಗ ವೇದಿಕೆ ಹತ್ತಿದವರು, ಅದೇ 1979ರಲ್ಲಿ ಬಂದ ದಿ ಚಾಂಪ್ ಚಿತ್ರದಲ್ಲೂ ನಟಿಸಿದ್ದರು. ಸಿನಿಮಾ, ಟೀವಿ ಎಲ್ಲಾ ಸೇರಿ 100ಕ್ಕೂ ಹೆಚ್ಚು. ಹಾಲಿವುಡ್‌ನ ಬೀದಿಯಲ್ಲಿ ನೆಲದ ಮೇಲೆ ನಟ ನಟಿಯರ ಹೆಸರಿನ ನಕ್ಷತ್ರಗಳಿವೆ. ಅದರಲ್ಲಿ ಜೋನ್ ಬ್ಲಾಂಡೆಲ್ ಅಂತಲೂ ಒಂದು ಇದೆ. ಇನೆಝ್ ಹೋಮ್ಸ್ ಅಂತ ಅಲ್ಲ.

ನಾನು ಕಲಿತ ಪಾಠ

ಜೀವನ ಚರಿತ್ರೆ ಬರೆದ ಮೇಲೆ ಕೊನೆಗೆ ನೀತಿ ಬರೆಯಬೇಕು ಅಂತ ಮೇಷ್ಟ್ರು ಹೇಳಿಕೊಟ್ಟಿದ್ದಾರೆ. ಹಾಗಾಗಿ ಬರೆಯುತ್ತೇನೆ. ಶ್ರಮ ಪಟ್ಟರೆ ಫಲ ಸಿಗುತ್ತದೆ ಅಂತ ಮೊದಲು ಬರೆದಿದ್ದೆ. ಆಮೇಲೆ ಹೊಡೆದು ಹಾಕಿದೆ. ಯಾಕಂದರೆ ಜೋನ್ ಅಷ್ಟು ಶ್ರಮ ಪಟ್ಟರೂ ಕೂಡಿಟ್ಟದ್ದು ಹೋಯಿತು, ಆಸ್ಕರ್ ಬರಲಿಲ್ಲ. ನಾನು ಕಲಿತದ್ದು ಬೇರೆ. ನಗಿಸುವುದೂ ಒಂದು ಕೆಲಸ. ದಣಿದವರು ನಗಿಸಿದರೆ ಅದು ಇನ್ನೂ ದೊಡ್ಡ ಕೆಲಸ. ಹೆಂಗಸರು ಜೋರಾಗಿ ನಕ್ಕರೆ, ಮಾತಿಗೆ ಮಾತು ಕೊಟ್ಟರೆ ಅದು ನಾಚಿಕೆ ಇಲ್ಲದ್ದು ಅಂತ ಅರ್ಥ ಅಲ್ಲ.

ಈ ಲೇಖನವನ್ನು ಹೋದ ಭಾನುವಾರ ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಕಾಲು ಚಾಚಿ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಇಸ್ತ್ರಿ ಹಾಡಿನ ಹತ್ತಿರ ಬಂದಾಗ, ವ್ಯಾನಿನ ವಿಷಯ ಓದುವಾಗ ನನ್ನ ಗಂಟಲು ಕಟ್ಟಿತು. ಅಮ್ಮ ತಲೆ ಎತ್ತಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು, ನಮ್ಮ ಫ್ಯಾಕ್ಟ್ರಿ ಶರ್ಟುಗಳು ಹಾಗೆ ತಾವೇ ಎದ್ದು ಕುಣಿದರೆ ನಾನು ಕೂತ್ಕೊಂಡು ಬರೀ ಹಾಡ್ತಿದ್ದೆ ಕಣೇ ಅಂದರು. ಇಬ್ಬರೂ ನಕ್ಕೆವು. ಪಕ್ಕದ ಮನೆಯವರಿಗೂ ಕೇಳಿಸುವಷ್ಟು ಜೋರಾಗಿ ನಕ್ಕೆವು.

ಈಗ ನಾನು ಸಂಜೆ ಹೊತ್ತು ಅರಳಿಕಟ್ಟೆ ಹತ್ತಿರ ಹೋಗಿ ವ್ಯಾನಿಗೆ ಕಾಯುತ್ತೇನೆ. ಅಮ್ಮನ ಬ್ಯಾಗು ಹಿಡಿದುಕೊಳ್ಳುತ್ತೇನೆ.

ಅಕ್ಷರ ತಪ್ಪಿದ್ದರೆ ದಯವಿಟ್ಟು ಕ್ಷಮಿಸಿ. ಮೂರು ಹಾಳೆ ಆಯಿತು, ಅಂಟಿಸಲು ಜಾಗ ಕೊಟ್ಟ ನರಸಿಂಹರಾಜು ಲೇಖನದವನಿಗೆ ವಂದನೆಗಳು.

ಇಂತಿ ನಿಮ್ಮ ಸಹಪಾಠಿ,
ಏಳನೇ ತರಗತಿ